300 ಮಿಲಿ, 473 ಮಿಲಿ, ‘ಸ್ಮಾಲ್’, ‘ಲಾರ್ಜ್’: ಕ್ರಾಫ್ಟ್ ಬಿಯರ್ ಅಳತೆಗೂ ಬೆಲೆಗೂ ಲೆಕ್ಕ ಕೂಡಿಸೋದು ಹೇಗೆ?

ಮೊಳಕೆ_ಬಾರ್ಲಿ ಕೇಳಿದ್ದು:

ಟ್ಯಾಪ್ ಬಿಯರ್ (ನಲ್ಲಿಯಿಂದ ನೇರ ಗ್ಲಾಸಿಗೆ ಸುರಿದು ಕೊಡೋದು) ಮೆನುಗಳಲ್ಲಿ ಅಳತೆ ಬರೆಯೋ ರೀತಿ ಒಂದೊಂದು ಕಡೆ ಒಂದೊಂದು ಥರ. ಕೆಲವರು ‘ಪಿಂಟ್’ ಅಂತ ಬರೆದು ಸುಮ್ಮನಾಗ್ತಾರೆ, ಕೆಲವರು ‘ಸ್ಮಾಲ್’, ‘ಲಾರ್ಜ್’ ಅಂತಾರೆ, ಪುಣ್ಯಕ್ಕೆ ಕೆಲವರು ಮಿಲಿಲೀಟರ್ ಹಾಕ್ತಾರೆ. ಮಿಲಿ ಹಾಕಿದ ಕಡೆಯೂ ಲೆಕ್ಕ ಕೂಡೋದಿಲ್ಲ. 473 ಮಿಲಿಯಲ್ಲಿ 300 ಮಿಲಿ ಅಂದ್ರೆ 63%. ಆದರೆ 300ರ ಗ್ಲಾಸಿಗೆ ದೊಡ್ಡ ಗ್ಲಾಸಿನ ಮುಕ್ಕಾಲು ಪಾಲು ಬೆಲೆ ಇರುತ್ತೆ. ಅದೇ ಪಟ್ಟಿಯಲ್ಲಿ ಆಲ್ಕೋಹಾಲ್ 9.5% ಇರೋ ಸ್ಟೌಟ್ (ಕಪ್ಪು ಬಿಯರ್) ಬರೀ 250 ಮಿಲಿ, ಬೆಲೆ ಮಾತ್ರ 473 ಮಿಲಿಯ ಮಾಮೂಲಿ ಹಗುರ ಬಿಯರ್ ಲಾಗರ್‌ದೇ. ಇದರ ಮೇಲೆ ಎರಡು ಬೆರಳು ನೊರೆ ಬೇರೆ.

ಬೆಲೆ ಯಾವ ನಾಣ್ಯದಲ್ಲಾದರೂ ಇರಲಿ, ನನಗೆ ಬೇಕಿರೋದು ಲೆಕ್ಕದ ದಾರಿ. ನೊರೆಗೆ ಎಷ್ಟು ಹೋಗುತ್ತೆ, ಸಣ್ಣ ಗ್ಲಾಸು ಯಾಕೆ ದುಬಾರಿ, ಸ್ಟ್ರಾಂಗ್ ಬಿಯರಿನ ಬೆಲೆ ನ್ಯಾಯವಾ?

ನೊರೆ_ಬೆರಳು:

ಮೊದಲು ‘ಪಿಂಟ್’ ಅನ್ನೋ ಪದವನ್ನ ಪಕ್ಕಕ್ಕಿಡಿ, ಅದು ಅಳತೆಯೇ ಅಲ್ಲ ಅಂದ್ಕೊಂಡ್ರೂ ನಷ್ಟವಿಲ್ಲ. ಬ್ರಿಟಿಷ್ ಪಿಂಟ್ 568 ಮಿಲಿ, ಅಮೆರಿಕದ್ದು 473 ಮಿಲಿ. ಆಸ್ಟ್ರೇಲಿಯಾದ ಬೇರೆ ರಾಜ್ಯಗಳಲ್ಲಿ 425 ಮಿಲಿಗೆ ‘ಸ್ಕೂನರ್’ ಅಂದ್ರೆ, ದಕ್ಷಿಣ ಆಸ್ಟ್ರೇಲಿಯಾದಲ್ಲಿ ಅದನ್ನೇ ‘ಪಿಂಟ್’ ಅಂತಾರೆ. ಹೆಸರು ಕೇಳಿ ಆರ್ಡರ್ ಮಾಡಿದ್ರೆ 140 ಮಿಲಿ ಅತ್ತಿತ್ತ ಆಗಬಹುದು.

ಎರಡನೇದು ಗ್ಲಾಸು. ಕೆಳಗೆ ಕಿರಿದಾಗಿ ಮೇಲೆ ಅಗಲವಾಗಿರೋ ನೆಟ್ಟನೆ ಗ್ಲಾಸು ಎಲ್ಲ ಕಡೆ ಸಿಗುತ್ತಲ್ಲ, ಶೇಕರ್ ಪಿಂಟ್, ಅದರಲ್ಲಿ ಎರಡು ಜಾತಿ. ಒಂದು ಅಂಚಿನವರೆಗೆ 473 ಮಿಲಿ ಹಿಡಿಯುತ್ತೆ, ಇನ್ನೊಂದು 414. ಹೊರಗಿನಿಂದ ಎರಡೂ ಒಂದೇ ಎತ್ತರ, ಒಂದೇ ಅಗಲ. ವ್ಯತ್ಯಾಸ ಇರೋದು ತಳದಲ್ಲಿ. ಪಕ್ಕದಿಂದ ನೋಡಿ, ತಳದ ಗಾಜು ಬೆರಳು ದಪ್ಪ ಇದ್ರೆ ಅನುಮಾನ ಪಡಿ. ಗಮನಿಸಿ, ಎರಡೂ ‘ಅಂಚಿನವರೆಗೆ’. ಅಂದ್ರೆ ನೊರೆಗೆ ಅದರಲ್ಲಿ ಜಾಗವನ್ನೇ ಇಟ್ಟಿಲ್ಲ, ಬರೋ ನೊರೆಯೆಲ್ಲ ನಿಮ್ಮ ಬಿಯರಿನ ಜಾಗ ತಿನ್ನುತ್ತೆ.

ಎಷ್ಟು ತಿನ್ನುತ್ತೆ ಅನ್ನೋದು ಗ್ಲಾಸಿನ ಬಾಯಿಯ ಮೇಲೆ ಹೋಗುತ್ತೆ. ಶೇಕರ್ ಪಿಂಟ್ ಬಾಯಿ ಒಳಗಡೆ ಸುಮಾರು 8.3 ಸೆಂಟಿಮೀಟರ್. ವಿಸ್ತೀರ್ಣ 54 ಚದರ ಸೆಂಟಿಮೀಟರ್, ಹಾಗಾಗಿ ಒಂದು ಸೆಂಟಿಮೀಟರ್ ಎತ್ತರಕ್ಕೆ 54 ಮಿಲಿ. ಎರಡು ಸೆಂಟಿಮೀಟರ್ ನೊರೆ ಅಂದ್ರೆ ಹತ್ತಿರ ಹತ್ತಿರ 105 ಮಿಲಿ ಜಾಗ. ತಾಜಾ ನೊರೆ ಇಳಿದಾಗ ಕಾಲು ಭಾಗ ಬಿಯರಾಗಿ ವಾಪಸ್ ಬರುತ್ತೆ ಅಂತ ಹಿಡಿದರೆ ನಿಜವಾದ ಕಡಿತ 80 ಮಿಲಿ. 473ರಲ್ಲಿ 80 ಸಣ್ಣ ಮೊತ್ತವೇನಲ್ಲ, 17%. ಅದೇ ಎರಡು ಸೆಂಟಿಮೀಟರ್ ನೊರೆ 6 ಸೆಂಟಿಮೀಟರ್ ಬಾಯಿಯ ಟ್ಯುಲಿಪ್ ಗ್ಲಾಸಿನಲ್ಲಿ ಇದ್ರೆ ಕಡಿತ 42 ಮಿಲಿ ಅಷ್ಟೇ. ಪಿಚರ್ (ಹಲವರು ಹಂಚಿಕೊಳ್ಳೋ ದೊಡ್ಡ ಜಗ್) ಕಥೆ ಇನ್ನೂ ದೊಡ್ಡದು: ಬಾಯಿ 12 ಸೆಂಟಿಮೀಟರ್ ಇದ್ದರೆ ಎರಡು ಸೆಂಟಿಮೀಟರ್ ನೊರೆಗೆ 170 ಮಿಲಿ ಕೈಬಿಟ್ಟಿತು ಅನ್ಕೊಳ್ಳಿ. ‘ಎಷ್ಟು ಬೆರಳು ನೊರೆ’ ಅನ್ನೋ ಜಗಳದಲ್ಲಿ ಯಾರೂ ಬಾಯಿಯ ಅಗಲ ಕೇಳೋದಿಲ್ಲ, ಕೇಳಬೇಕಾದ್ದು ಅದೇ.

ಇದಕ್ಕೆ ಸರಿಯಾದ ಮದ್ದು ಗೆರೆ ಇರೋ ಗ್ಲಾಸು. ಜರ್ಮನಿಯಲ್ಲಿ ಗ್ಲಾಸಿನ ಮೇಲೆ 0.3 ಅಥವಾ 0.5 ಲೀಟರ್ ಅಂತ ಗೆರೆ ಎಳೆದಿರುತ್ತೆ, ಬಿಯರ್ ಗೆರೆವರೆಗೆ, ನೊರೆ ಅದರ ಮೇಲೆ. ಗೋಧಿ ಬಿಯರಿನ ಉದ್ದ ಗ್ಲಾಸು ಅಷ್ಟು ಎತ್ತರ ಇರೋದೇ ಗೆರೆ ಮೇಲೆ ನೊರೆಗೆ ಜಾಗ ಬೇಕು ಅಂತ. ಬ್ರಿಟನ್ನಿನಲ್ಲಿ ಅಂಚೇ ಅಳತೆಯಾಗಿರೋ ಗ್ಲಾಸುಗಳೂ ನಡೆಯುತ್ತವೆ. ಅಲ್ಲಿ ಉದ್ಯಮದವರೇ ಇಟ್ಟುಕೊಂಡ ಮಾರ್ಗಸೂಚಿ ಪ್ರಕಾರ ಕನಿಷ್ಠ 95% ದ್ರವ ಇರಬೇಕು, ಕಮ್ಮಿ ಅನಿಸಿದ್ರೆ ಮೇಲೆ ತುಂಬಿಸಿ ಕೊಡಿ ಅಂತ ಕೇಳಬಹುದು.

ಹಾಗಂತ ನೊರೆಯೇ ಇಲ್ಲದೆ ಅಂಚಿಗೆ ತುಂಬಿಸಿ ಕೊಟ್ಟವರನ್ನ ಧಾರಾಳಿಗಳು ಅನ್ಕೋಬೇಡಿ. ನೊರೆ ಏಳಲಿಲ್ಲ ಅಂದ್ರೆ ಗ್ಲಾಸಿನಲ್ಲಿ ಜಿಡ್ಡಿದೆ, ಇಲ್ಲ ಬಿಯರಿನಲ್ಲಿ ಗ್ಯಾಸು ಹೋಗಿದೆ. ಪಕ್ಕದ ಗಾಜಿಗೆ ಗುಳ್ಳೆಗಳು ಸಾಲಾಗಿ ಅಂಟಿಕೊಂಡಿದ್ರೆ ಗ್ಲಾಸು ಸರಿಯಾಗಿ ತೊಳೆದಿಲ್ಲ ಅಂತಲೇ ಅರ್ಥ.

ಕೆಗ್_ಲೆಕ್ಕಿಗ:

ಬೆಲೆ ವಿಷಯ ನಾನು ಹೇಳ್ತೀನಿ. 30 ಲೀಟರ್ ಕೆಗ್ (ಬಿಯರ್ ತುಂಬಿದ ಲೋಹದ ಪೀಪಾಯಿ) ತಗೊಳ್ಳಿ, ಅದರ ಖರೀದಿ ಬೆಲೆ 1000 ಅಂತ ಇಟ್ಕೊಳ್ಳಿ, ಯಾವ ನಾಣ್ಯವಾದರೂ ಸರಿ. 30 ಲೀಟರೂ ಗ್ಲಾಸಿಗೆ ಬರೋದಿಲ್ಲ. ಚೆಲ್ಲಿದ ನೊರೆ, ಪೈಪಲ್ಲಿ ಉಳಿದದ್ದು, ಕೆಗ್ ಬದಲಿಸುವಾಗ ಹೋದದ್ದು, ರುಚಿ ನೋಡೋಕೆ ಕೊಟ್ಟದ್ದು ಸೇರಿ 8% ಕಳೆಯಿರಿ. ಉಳೀತು 27.6 ಲೀಟರ್. ನೂರು ಮಿಲಿಗೆ ಅಸಲು 3.62.

473 ಮಿಲಿಗೆ ಅಸಲು 17. ಮಾರೋ ಬೆಲೆಯಲ್ಲಿ ಬಿಯರಿನ ಅಸಲು 20ರಿಂದ 25% ಇರಬೇಕು ಅನ್ನೋದು ಬಾರ್ ನಡೆಸೋರ ರೂಢಿ ಲೆಕ್ಕ. 25% ಹಿಡಿದರೆ ಬೆಲೆ 68. ಇದರಲ್ಲಿ 17 ದ್ರವಕ್ಕೆ, ಮಿಕ್ಕ 51 ಬಾಡಿಗೆ, ಸಂಬಳ, ತೊಳೆಯೋದು, ಒಡೆದ ಗ್ಲಾಸು, ಲಾಭ ಎಲ್ಲಕ್ಕೂ.

ಈಗ ಆ 51ನ್ನ ಬಿಡಿಸಿ ನೋಡಿ. ಗ್ಲಾಸು ಚಿಕ್ಕದಾದ ಮಾತ್ರಕ್ಕೆ ತೊಳೆಯೋ ಕೆಲಸ ಕಮ್ಮಿಯಾಗುತ್ತಾ? ಟೇಬಲ್‌ಗೆ ತಂದುಕೊಡೋ ಹುಡುಗ ಅರ್ಧ ದಾರಿ ನಡೀತಾನಾ? ಬಿಲ್ ಹಾಕೋದೂ ಅದೇ ಒಂದು ಸಲ. ಸುಮಾರು ಅರ್ಧ, 25 ಅನ್ನಿ, ಗ್ಲಾಸಿಗೆ ಇಷ್ಟು ಅಂತ ನಿಂತ ಖರ್ಚು. ಇನ್ನರ್ಧ 26, ಅಳತೆ ಜೊತೆ ಇಳಿಯುತ್ತೆ. ಹಾಗಾದ್ರೆ 300 ಮಿಲಿಗೆ: ದ್ರವ 11, ನಿಂತ ಖರ್ಚು 25, ಉಳಿದದ್ದು 26ರ 63% ಅಂದ್ರೆ 16. ಒಟ್ಟು 52. ದೊಡ್ಡ ಗ್ಲಾಸಿನ 76%. ನೀವು ಕೇಳಿದ ಮುಕ್ಕಾಲು ಎಲ್ಲಿಂದ ಬಂತು ಅಂತ ಗೊತ್ತಾಯ್ತಲ್ಲ.

ಹೋಲಿಸಬೇಕಾದ ಸಂಖ್ಯೆ ನೂರು ಮಿಲಿ ಬೆಲೆ: ಬೆಲೆ ಭಾಗಿಸು ಮಿಲಿ, ಗುಣಿಸು 100. ದೊಡ್ಡದಕ್ಕೆ 14.4, ಚಿಕ್ಕದಕ್ಕೆ 17.3. ಚಿಕ್ಕ ಗ್ಲಾಸಿಗೆ 20% ಹೆಚ್ಚು ಅನ್ನೋದು ನನ್ನ ಪ್ರಕಾರ ಸಹಜ. 40% ದಾಟಿದ್ರೆ ಅವರು ನಿಮ್ಮನ್ನ ದೊಡ್ಡ ಗ್ಲಾಸಿನ ಕಡೆ ತಳ್ತಿದ್ದಾರೆ. ರುಚಿ ನೋಡೋಕೆ ಒಟ್ಟಿಗೆ ಕೊಡೋ 4 ಸಣ್ಣ ಗ್ಲಾಸಿನ ಫ್ಲೈಟ್‌ನಲ್ಲಿ ಹೆಚ್ಚು ದರ ಸಾಮಾನ್ಯ, ನಾಲ್ಕು ಟ್ಯಾಪ್ ತೆರೆದು ನಾಲ್ಕು ಗ್ಲಾಸು ತೊಳೀಬೇಕಲ್ಲ. ಅದನ್ನ ರುಚಿ ನೋಡೋ ಬಾಬ್ತು ಅಂತ ತಗೊಳ್ಳಿ, ಕುಡಿಯೋ ಬಾಬ್ತು ಅಲ್ಲ.

ಕಹಿ_ಹಾಪ್:

ಲೆಕ್ಕಿಗರೇ, ಸ್ಟ್ರಾಂಗ್ ಬಿಯರ್ ವಿಷಯ ಬಿಟ್ಟುಬಿಟ್ರಿ. 250 ಮಿಲಿಗೂ 473 ಮಿಲಿಗೂ ಒಂದೇ ಬೆಲೆ ಅನ್ನೋದು ನನಗೆ ಈಗಲೂ ಗ್ಲಾಸ್ ಚಿಕ್ಕದು ಮಾಡಿ ಬೆಲೆ ಉಳಿಸ್ಕೊಂಡ ಥರಾನೇ ಕಾಣುತ್ತೆ.

ಕೆಗ್_ಲೆಕ್ಕಿಗ:

ಆಲ್ಕೋಹಾಲ್ ಲೆಕ್ಕ ಹಾಕಿ. ಮಿಲಿ ಗುಣಿಸು ಎಬಿವಿ (ಬಿಯರಿನಲ್ಲಿ ಆಲ್ಕೋಹಾಲ್ ಶೇಕಡಾ ಎಷ್ಟು ಅನ್ನೋ ಸಂಖ್ಯೆ), ಭಾಗಿಸು 100. 473 ಮಿಲಿ 5% ಲಾಗರ್: 23.7 ಮಿಲಿ ಶುದ್ಧ ಆಲ್ಕೋಹಾಲ್. 250 ಮಿಲಿ 9.5% ಸ್ಟೌಟ್: 23.8. ತೂಕ ಬೇಕಾದ್ರೆ 0.789ರಿಂದ ಗುಣಿಸಿ, ಎರಡೂ ಹತ್ತಿರ ಹತ್ತಿರ 19 ಗ್ರಾಂ. ಗ್ಲಾಸು ಚಿಕ್ಕದು, ಒಳಗಿನ ಸರಕು ಅಷ್ಟೇ.

ತಯಾರಿ ಖರ್ಚು ನೋಡಿದ್ರೂ ಹಾಗೇ. 9.5% ಬರಬೇಕು ಅಂದ್ರೆ 5% ಬಿಯರಿಗಿಂತ ಹತ್ತಿರ ಹತ್ತಿರ ಎರಡರಷ್ಟು ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಧಾನ್ಯ) ಬೇಕು, ಟ್ಯಾಂಕಿನಲ್ಲಿ ಹೆಚ್ಚು ವಾರ ಕೂರಬೇಕು, ಆ ಟ್ಯಾಂಕು ಅಷ್ಟು ದಿನ ಬೇರೆ ಬಿಯರಿಗೆ ಸಿಗಲ್ಲ. ಹಲವು ದೇಶಗಳಲ್ಲಿ ಸುಂಕವೂ ಆಲ್ಕೋಹಾಲ್ ಪ್ರಮಾಣ ನೋಡಿಯೇ ಹಾಕ್ತಾರೆ. ಡಬಲ್ ಐಪಿಎ (ಹಾಪ್ ಜಾಸ್ತಿ ಹಾಕೋ ಸ್ಟ್ರಾಂಗ್ ಬಿಯರ್) ಅದರಲ್ಲೂ ಲುಕ್ಸಾನು. ಲೀಟರಿಗೆ ಹತ್ತು ಹದಿನೈದು ಗ್ರಾಂ ಹಾಪ್ (ಕಹಿ, ಘಮ ಕೊಡೋ ಹೂವು) ಹಾಕಿದ್ರೆ ಅದು ಸ್ಪಂಜಿನ ಹಾಗೆ ಬಿಯರ್ ಹೀರ್ಕೊಂಡು ಟ್ಯಾಂಕಿನ ತಳದಲ್ಲಿ ಕೂರುತ್ತೆ, ಆ ಬಿಯರ್ ಚರಂಡಿಗೇ.

ನಿಮ್ಮ ಅನುಮಾನ ನಿಜವಾಗೋ ಜಾಗ ಬೇರೆ. 5.5% ಬಿಯರನ್ನ ‘ವಿಶೇಷ’ ಅಂತ ಕರೆದು 250 ಮಿಲಿ ಟ್ಯುಲಿಪ್‌ನಲ್ಲಿ ಕೊಟ್ಟು ದೊಡ್ಡ ಗ್ಲಾಸಿನ ಬೆಲೆ ಹಾಕಿದ್ರೆ, ಅಲ್ಲಿ ನೀವು ಹೇಳಿದ್ದೇ ಸರಿ. ಎಬಿವಿ ಬರೆಯದ ಮೆನುವಿನಲ್ಲಿ ಇದು ಗೊತ್ತೇ ಆಗಲ್ಲ. ಇನ್ನೊಂದು ಮಾತು, ಚಿಕ್ಕ ಗ್ಲಾಸು ಯಾವಾಗಲೂ ಸ್ಟ್ರಾಂಗ್ ಬಿಯರಿಗೇ ಅಂತಿಲ್ಲ. ಕಲೋನ್ ಊರಿನ ಕೋಲ್ಶ್ 5%ಗಿಂತ ಕಮ್ಮಿಯೇ ಇರುತ್ತೆ, ಕೊಡೋದು 0.2 ಲೀಟರ್ ಗ್ಲಾಸಲ್ಲಿ. ಬಿಸಿಯಾಗೋ ಮುಂಚೆ ಖಾಲಿಯಾಗಲಿ ಅಂತ.

ತಂಪು_ಪೈಪು:

8% ನಷ್ಟ ಅಂದ್ರಲ್ಲ ಲೆಕ್ಕಿಗರು, ಅದು ಚೆನ್ನಾಗಿ ನೋಡ್ಕೊಂಡ ಲೈನಿಗೆ, ಅಂದ್ರೆ ಕೆಗ್ಗಿನಿಂದ ಟ್ಯಾಪಿಗೆ ಬರೋ ಪೈಪಿಗೆ. 20% ಹೋಗೋ ಬಾರುಗಳೂ ಇವೆ. 30 ಲೀಟರಿನಿಂದ 58 ಗ್ಲಾಸು ಬರಬೇಕಾದ ಕಡೆ 50 ಬರುತ್ತೆ, ಆ ಎಂಟು ಗ್ಲಾಸಿನ ದುಡ್ಡು ಬೆಲೆಪಟ್ಟಿಯಲ್ಲೇ ಸೇರಿರುತ್ತೆ. ಹಾಗಾಗಿ ಟ್ಯಾಪಿನ ಕಡೆ ಒಂದು ಕಣ್ಣಿಡಿ.

ಸುರಿಯೋರು ಗ್ಲಾಸನ್ನ 45 ಡಿಗ್ರಿ ಓರೆ ಹಿಡಿದು, ಟ್ಯಾಪನ್ನ ಒಂದೇ ಸಲಕ್ಕೆ ಪೂರ್ತಿ ತೆಗೀಬೇಕು. ನೊರೆ ಕಮ್ಮಿಯಾಗಲಿ ಅಂತ ಅರ್ಧ ತೆಗೆಯೋದು ಎಲ್ಲರೂ ಮಾಡೋ ತಪ್ಪು. ಕಿರಿದಾದ ಸಂದಿನಲ್ಲಿ ಬಿಯರ್ ನುಗ್ಗಿ ಗ್ಯಾಸು ಬಿಟ್ಟುಕೊಂಡು ನೊರೆ ಇನ್ನೂ ಹೆಚ್ಚಾಗುತ್ತೆ. ಸರಿಯಾದ ಲೈನಿನಲ್ಲಿ ಸೆಕೆಂಡಿಗೆ ಸುಮಾರು 60 ಮಿಲಿ ಬರುತ್ತೆ, 473 ತುಂಬೋಕೆ ಎಂಟು ಸೆಕೆಂಡ್. ಅರ್ಧ ನಿಮಿಷ ಸುರೀತಾ, ಚೆಲ್ತಾ, ಚಮಚದಲ್ಲಿ ನೊರೆ ತೆಗೀತಾ ಇದ್ರೆ ಲೈನು ಕೆಟ್ಟಿದೆ.

ಕಾರಣ ಹತ್ತಕ್ಕೆ ಎಂಟು ಸಲ ಶಾಖ. ಕೆಗ್ 3 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇದ್ದು ಟ್ಯಾಪಿನ ಹತ್ತಿರ ಪೈಪು ಬೆಚ್ಚಗಿದ್ರೆ ಅಲ್ಲೇ ಗ್ಯಾಸು ಬಿಡುತ್ತೆ. ದಿನದ ಮೊದಲ ಗ್ಲಾಸು ಬರೀ ನೊರೆ ಬಂದು ಎರಡನೇದು ಸರಿ ಬಂದ್ರೆ ಇದೇ. ಇದಕ್ಕೆ ಕೆಗ್ಗಿಗೆ ಕೊಡೋ ಗ್ಯಾಸಿನ ಒತ್ತಡ ಇಳಿಸೋರು ಇದ್ದಾರೆ, ಅದಂತೂ ಬೆಂಕಿಗೆ ತುಪ್ಪ. ಮಾಮೂಲಿ ಲಾಗರಿಗೆ 3 ಡಿಗ್ರಿಯಲ್ಲಿ 11–12 ಪಿಎಸ್ಐ (ಒತ್ತಡದ ಅಳತೆ) ಬೇಕು. ಅದಕ್ಕಿಂತ ಇಳಿಸಿದ್ರೆ ಗ್ಯಾಸು ಪೈಪಿನೊಳಗೇ ಬಿಯರಿಂದ ಬಿಟ್ಟು ಬರುತ್ತೆ. ಮೊದಲೆರಡು ದಿನ ನೊರೆ ಜಾಸ್ತಿ, ಆಮೇಲೆ ಬಿಯರ್ ಸಪ್ಪೆ.

ಪೈಪು ತೊಳೆಯೋದಕ್ಕೂ ಬಿಯರ್ ಹೋಗುತ್ತೆ. ಕಾಲಿಂಚು ಒಳವ್ಯಾಸದ ಪೈಪು ಮೀಟರಿಗೆ 32 ಮಿಲಿ ಹಿಡಿಯುತ್ತೆ. 15 ಮೀಟರ್ ಲೈನಾದ್ರೆ ಒಂದು ಪೂರ್ತಿ ಗ್ಲಾಸು. 20 ಟ್ಯಾಪ್ ಇದ್ರೆ ಒಂದು ಸಲ ತೊಳೆದಾಗ 9.5 ಲೀಟರ್, ಕೆಗ್ಗಿನ ಮೂರನೇ ಒಂದು. ಎರಡು ವಾರಕ್ಕೊಮ್ಮೆ ತೊಳೀಬೇಕು. ಇದನ್ನ ಉಳಿಸೋಕೆ ಹೋಗಿ ತೊಳೆಯೋದೇ ಬಿಟ್ಟ ಕಡೆ ಬಿಯರಿಗೆ ಬೆಣ್ಣೆ ವಾಸನೆ, ಹುಳಿ ವಾಸನೆ ಬಂದಿರುತ್ತೆ. ಅಂಥ ಕಡೆ ಬೆಲೆ ಕಮ್ಮಿ ಇದ್ದರೂ ಡಬ್ಬಿ ಬಿಯರೇ ಕೇಳಿ.

ಮೊಳಕೆ_ಬಾರ್ಲಿ:

ಮೂರಕ್ಕೂ ಉತ್ತರ ಸಿಕ್ತು, ಎಲ್ಲರಿಗೂ ಥ್ಯಾಂಕ್ಸ್. ಒಂದೇ ಒಂದು ಉಳಿದಿದೆ: ಗೆರೆ ಇಲ್ಲದ, ಮಿಲಿ ಬರೆಯದ ಗ್ಲಾಸು ಎದುರಿಗೆ ಬಂದಾಗ ಅಂದಾಜು ಮಾಡೋದು ಹೇಗೆ?

ನೊರೆ_ಬೆರಳು:

ಸುಲಭದ್ದು ಡಬ್ಬಿ. ಅದರ ಮೇಲೆ ಮಿಲಿ ಅಚ್ಚಾಗಿರುತ್ತೆ. 355 ಮಿಲಿ ಡಬ್ಬಿಯೊಂದನ್ನ ಅವರ ಗ್ಲಾಸಿಗೇ ನಿಧಾನಕ್ಕೆ ಸುರಿದು ನೊರೆ ಪೂರ್ತಿ ಇಳಿಯೋವರೆಗೆ ಕಾಯಿರಿ. ನಿಜವಾದ 473ರ ಶೇಕರ್ ಗ್ಲಾಸಾಗಿದ್ರೆ ಮೇಲೆ ಎರಡು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು ಖಾಲಿ ಉಳಿಯುತ್ತೆ. 414ರದ್ದಾದ್ರೆ ಒಂದು ಸೆಂಟಿಮೀಟರ್ ಚಿಲ್ಲರೆ.

ಅಂಗಡಿಯವರೇ ಆಗಿದ್ರೆ ತಕ್ಕಡಿ ತಗೊಳ್ಳಿ. ಖಾಲಿ ಗ್ಲಾಸು ಇಟ್ಟು ಸೊನ್ನೆ ಮಾಡಿ, ಬಿಯರ್ ಸುರಿದು ತೂಗಿ. ಮಾಮೂಲಿ ಬಿಯರ್ ಮಿಲಿಗೆ 1.01 ಗ್ರಾಂ, ಹಾಗಾಗಿ ಗ್ರಾಮನ್ನೇ ಮಿಲಿ ಅಂತ ಓದಿದ್ರೂ 473ಕ್ಕೆ ಐದು ಮಿಲಿಗಿಂತ ಹೆಚ್ಚು ತಪ್ಪಾಗಲ್ಲ. ನೊರೆಯಲ್ಲಿರೋ ಬಿಯರೂ ತೂಕದಲ್ಲಿ ಬಂದುಬಿಡುತ್ತೆ, ಇಳಿಯೋಕೆ ಕಾಯೋದೂ ಬೇಡ. ಒಂದೇ ಟ್ಯಾಪಿನಿಂದ ಐದು ಗ್ಲಾಸು ಹೀಗೆ ತೂಗಿ. ಗ್ಲಾಸಿಂದ ಗ್ಲಾಸಿಗೆ 40 ಗ್ರಾಂ ಹೆಚ್ಚುಕಮ್ಮಿ ಬಂತು ಅಂದ್ರೆ ಬೆಲೆಪಟ್ಟಿ ತಿದ್ದೋದು ಆಮೇಲೆ, ಮೊದಲು ತಂಪು_ಪೈಪು ಹೇಳಿದ ಟ್ಯಾಪು, ಶಾಖ, ಒತ್ತಡ ನೋಡಿ.