ಸಮಸ್ಯೆ: ಕಿರಿದಾಗಿರ್ಪುದಱೊಳಿರ್ಪುದೈ ಹಿರಿದೆಲ್ಲಂ

ಗುರುಲಘು:
ಈ ವಾರದ ಸಮಸ್ಯೆ ಮೇಲಿದೆ; ಅದೇ ಕೊನೆಯ ಸಾಲಾಗುವಂತೆ ಪದ್ಯ ಕಟ್ಟಿ. ಛಂದಸ್ಸು ಕಂದ. ವಸ್ತು: ನಿಮ್ಮ ಮೆಚ್ಚಿನ ವೈಜ್ಞಾನಿಕ ಧಾರಾವಾಹಿ. ಹೋದ ಸಲ ಪುರಾಣ ಕೊಟ್ಟಿದ್ದಕ್ಕೆ ಎಲ್ಲರೂ ಗಜೇಂದ್ರನನ್ನೇ ಹಿಡಿದು ತಂದಿರಿ. ಈ ಸಲ ಆನೆಗೆ ಪ್ರವೇಶವಿಲ್ಲ.

ನೀಲಿಪೆಟ್ಟಿಗೆ:
ನನಗೆಂದೇ ಕೊಟ್ಟ ಹಾಗಿದೆ. ಹತ್ತು ನಿಮಿಷವೂ ಹಿಡಿಯಲಿಲ್ಲ.

ಹೊರಗೊಂದು ನೀಲಿ ಪೆಟ್ಟಿಗೆ
ತೆರೆದೊಡೆ ಬಾಗಿಲನನಂತಮಂದಿರಮೊಳಗೈ
ಮರುಹುಟ್ಟಿನ ವೈದ್ಯನ ಮನೆ
ಕಿರಿದಾಗಿರ್ಪುದಱೊಳಿರ್ಪುದೈ ಹಿರಿದೆಲ್ಲಂ

ಡಾಕ್ಟರ್ ಹೂ ಎಂದು ಬಿಡಿಸಿ ಹೇಳಬೇಕಿಲ್ಲ ತಾನೆ?

ಒರಟುಲಘು:
ಓಟ ಚೆನ್ನಾಗಿದೆ. ಆದರೆ 'ವೈದ್ಯ' ಯಾರು ಸ್ವಾಮಿ? ನಿಮ್ಮ ನಾಯಕ ಯಾರ ನಾಡಿಯನ್ನಾದರೂ ಹಿಡಿದದ್ದುಂಟೇ? ವೈದ್ಯನೇ ಬೇಕಿದ್ದರೆ ಸ್ಟಾರ್ ಟ್ರೆಕ್‌ನಲ್ಲಿ ಮೆಕಾಯ್ ಇದ್ದಾನೆ. ಅವನಿಗೆ ಸೂಜಿ ಚುಚ್ಚಲಾದರೂ ಬರುತ್ತದೆ.

ನೀಲಿಪೆಟ್ಟಿಗೆ:
ಮೆಕಾಯ್ ಕೈಯಲ್ಲಿರುವುದು ಹೈಪೋಸ್ಪ್ರೇ. ಅದಕ್ಕೆ ಸೂಜಿಯೇ ಇಲ್ಲ. ನಿಮ್ಮ ಧಾರಾವಾಹಿಯನ್ನೂ ನಾನೇ ಹೇಳಿಕೊಡಬೇಕೇ?

ಒರಟುಲಘು:
ಹಿಡಿದಿರಲ್ಲ, ಹಿಡಿಯಿರಿ. ಈಗ ನನ್ನದು:

ಧರೆಯಿಂ ತಾರೆಗೆ ಪೋಪರ್
ಸಿರಿಯಿಲ್ಲದೆ ನೌಕೆಯಿಳಿಸೆ ಕಿರಣಮನಿತ್ತರ್
ಅರೆಗೋಣೆಯ ರಂಗದೊಳಗೆ
ಕಿರಿದಾಗಿರ್ಪುದಱೊಳಿರ್ಪುದೈ ಹಿರಿದೆಲ್ಲಂ

ಗೊತ್ತಿಲ್ಲದವರಿಗೆ: ವಾರವಾರವೂ ನೌಕೆಯನ್ನು ಒಂದೊಂದು ಗ್ರಹದ ಮೇಲೆ ಇಳಿಸಿ ತೋರಿಸುವಷ್ಟು ದುಡ್ಡು 1966ರಲ್ಲಿ ಅವರ ಬಳಿ ಇರಲಿಲ್ಲ. ಅದಕ್ಕೇ ಮನುಷ್ಯರನ್ನು ಕರಗಿಸಿ ಕೆಳಗೆ ಮೂಡಿಸುವ ಯಂತ್ರ ಹುಟ್ಟಿತು. ಬಡತನ ಹೆತ್ತ ಕಲ್ಪನೆ.

ನೀಲಿಪೆಟ್ಟಿಗೆ:
ಬಡತನದ ಪಂದ್ಯವಾದರೆ ಗೆಲ್ಲುವವರು ನಾವೇ. ಎಲ್ಲಿಗೆ ಹೋದರೂ ಅಲ್ಲಿಗೆ ತಕ್ಕ ವೇಷ ಹಾಕಬೇಕಾದ ಕಾಲನೌಕೆ, ವೇಷದ ಯಂತ್ರ ಕೆಟ್ಟು ಪೊಲೀಸ್ ಪೆಟ್ಟಿಗೆಯಾಗಿಯೇ ನಿಂತುಬಿಟ್ಟಿತು. ಅಲ್ಲಿಗೆ ಹೊಸ ಹೊಸ ನೌಕೆ ಕಟ್ಟುವ ಖರ್ಚೂ ಉಳಿಯಿತು. 1966ರಲ್ಲೇ ಮೊದಲ ಡಾಕ್ಟರ್ ಪಾತ್ರಧಾರಿ ಹಾರ್ಟ್‌ನೆಲ್‌ಗೆ ಆರೋಗ್ಯ ಕೈಕೊಟ್ಟಾಗ ನಾಯಕನಿಗೇ ಮರುಹುಟ್ಟು ಕೊಟ್ಟರು. ನಿಮ್ಮ ಮೊದಲ ಸ್ಟಾರ್ ಟ್ರೆಕ್ 79 ಕಂತಿಗೆ ಮುಗಿಯಿತು.

ಮೂರನೇಮಾತ್ರೆ:
79 ಸಿಕ್ಕಿದ್ದಕ್ಕೇ ಕೊರಗುವವರು ಇದನ್ನು ನೋಡಿ. ಫೈರ್‌ಫ್ಲೈ, 2002.

ಇರುಳೊಳ್ ಮಿಂಚುಂಬುಳುವೈ
ಎರಡೇಳ್ ಕಂತಿಗೆ ಸಮಾಪ್ತಿಯಾದುದು ಬೆಳಕೈ
ಬರಿ ಮೂರ್ ತಿಂಗಳ ಬಾಳೊಳ್
ಕಿರಿದಾಗಿರ್ಪುದಱೊಳಿರ್ಪುದೈ ಹಿರಿದೆಲ್ಲಂ

ಮಾಡಿದ್ದು 14, ಮೊದಲ ಪ್ರಸಾರದಲ್ಲಿ ತೋರಿಸಿದ್ದು 11. ಅದರಲ್ಲೂ ಕತೆ ಶುರುವಾಗುವ ಕಂತನ್ನು ಎಲ್ಲಕ್ಕಿಂತ ಕೊನೆಗೆ ತೋರಿಸಿದರು.

ಗುರುಲಘು:
ಸೊಗಸು. ಕೊನೆಯದು ಮೊದಲು, ಮೊದಲನೆಯದು ಕೊನೆಗೆ. ವಾಹಿನಿಯವರು ಸಮಸ್ಯಾಪೂರಣ ಆಡಿದ್ದಾರೆ.

ಶಕಟರೇಫ:
ಪದ್ಯಗಳ ಮಾತು ಆಮೇಲೆ. ಸಮಸ್ಯೆಯಲ್ಲೇ ಸಮಸ್ಯೆಯಿದೆ. 'ಅದಱೊಳ್' ಎಂದು ಹಳಗನ್ನಡದ ಱಕಾರವನ್ನು, ಅಂದರೆ ಶಕಟರೇಫವನ್ನು, ಮೆರೆಸಿದ್ದೀರಿ, ಪ್ರಾಸದ ಜಾಗದಲ್ಲಿ, ಎಂದರೆ ಸಾಲಿನ ಎರಡನೇ ಅಕ್ಷರದಲ್ಲಿ, 'ಕಿಱಿದು' ಮಾತ್ರ 'ಕಿರಿದು' ಆಗಿದೆ. ಒಂದೇ ಕಾಲಿಗೆ ಗೆಜ್ಜೆ ಕಟ್ಟಿದ ಹಾಗೆ.

ಮೂರನೇಮಾತ್ರೆ:
ಬಂದರು. ಇಷ್ಟು ಹೊತ್ತು ಯಾಕೆ ಬರಲಿಲ್ಲ ಅಂದುಕೊಳ್ಳುತ್ತಿದ್ದೆ.

ಗುರುಲಘು:
ಕೀಲಿಮಣೆಯಲ್ಲಿ ಆ ಅಕ್ಷರ ಕಣ್ಣಿಗೆ ಬಿತ್ತು, ಆಸೆಯಾಗಿ ಹಾಕಿದೆ. ಇಷ್ಟೇ ತಪ್ಪು.

ಒರಟುಲಘು:
ಹಳೆಯ 'ಪಿರಿದು' 'ಹಿರಿದು' ಆಗಿ, ಪಕಾರವೇ ಹಕಾರವಾದ ಮನೆಯಲ್ಲಿ ಱಕಾರಕ್ಕೆ ಬೇರೆ ಕೋಣೆ ಯಾಕೆ? 'ಹಿರಿದೆಲ್ಲಂ' ಎಂದಮೇಲೆ ಆ ಜಗಳ ಮುಗಿಯಿತು.

ಶಕಟರೇಫ:
ಪಕಾರ ಹೋದಮೇಲೂ ಱಕಾರ ಬಹುಕಾಲ ಉಳಿದಿತ್ತು. ಅದೂ ಅಲ್ಲದೆ ಮೊದಲ ಸಾಲಿನಲ್ಲಿ 'ಪೋಪರ್' ಎಂದು ಪಕಾರಕ್ಕೆ ಮಣೆ ಹಾಕಿದವರು ತಾವೇ. ನಿಮ್ಮ ಧರೆ, ಸಿರಿ, ಅರೆ ಮೂರೂ ಸಾದಾ ರೇಫ, ಬರೀ ರಕಾರ. ಕಿಱಿದು ಒಂದೇ ಬೇರೆ. ಮೂರು ಎತ್ತಿನ ಜೊತೆಗೆ ಒಂದು ಕೋಣ ಕಟ್ಟಿದ ಗಾಡಿ ಅದು.

ಒರಟುಲಘು:
ಹೆಸರಿನಲ್ಲೇ ಶಕಟ ಇಟ್ಟುಕೊಂಡವರಿಗೆ ಗಾಡಿಯದೇ ಧ್ಯಾನ! ಹಿಂದೊಮ್ಮೆ ನನ್ನ ಭಾಮಿನಿ ಷಟ್ಪದಿಯನ್ನು 'ಅರಿ' ಎಂಬ ಒಂದು ಪದ ಹಿಡಿದು ಎಂಟು ದಿನ ಎಳೆದಾಡಿದವರು ನೀವೇ ಅಲ್ಲವೇ? ಸ್ಟಾರ್ ಟ್ರೆಕ್‌ನ ಆರಂಭದ ಮಾತಿನಲ್ಲೂ ('to boldly go') ಕ್ರಿಯಾಪದದ ನಡುವೆ ಕ್ರಿಯಾವಿಶೇಷಣ ತೂರಿಸಿದ್ದಾರೆಂದು ಇಂಗ್ಲಿಷ್ ವೈಯಾಕರಣರು ಗೊಣಗಿದರು. ನೌಕೆ ನಿಂತಿತೇ?

ಶಕಟರೇಫ:
ನೌಕೆ ನಿಲ್ಲಲಿಲ್ಲ, ನಿಮ್ಮ ಭಾಮಿನಿ ಮಾತ್ರ ನಿಂತಿತು. 'ಮೂರನೇಮಾತ್ರೆ'ಯವರಲ್ಲಿ ಇರುಳ್, ಎರಡು ಸಾದಾ ರೇಫಕ್ಕೆ. ಬಱಿ, ಕಿಱಿದು ಶಕಟರೇಫಕ್ಕೆ.

ಮೂರನೇಮಾತ್ರೆ:
ಸರಿಪಾಲು. ಅಣ್ಣತಮ್ಮಂದಿರ ಜಗಳವಿಲ್ಲ.

ಶಕಟರೇಫ:
ಆದರೆ ನೀಲಿಪೆಟ್ಟಿಗೆಯವರ ಪದ್ಯವನ್ನು ಮತ್ತೆ ಓದಿ. ಹೊಱಗು, ತೆಱೆ, ಮಱು, ಕಿಱಿದು. ನಾಲ್ಕಕ್ಕೆ ನಾಲ್ಕೂ ಶಕಟರೇಫ! ಈ ಕಾಲದಲ್ಲಿ ಇಂಥದ್ದು ನೋಡುತ್ತೇನೆಂದು ಎಣಿಸಿರಲಿಲ್ಲ.

ನೀಲಿಪೆಟ್ಟಿಗೆ:
ಹೌದು, ಬೇಕೆಂದೇ ಹಾಗೆ ಕಟ್ಟಿದ್ದು.

ಒರಟುಲಘು:
ಸುಳ್ಳು. 'ಹತ್ತು ನಿಮಿಷವೂ ಹಿಡಿಯಲಿಲ್ಲ' ಅಂತ ಮೇಲೆ ಬರೆದಿದ್ದೀರಿ. ಬೇಕೆಂದಿದ್ದರೆ ಆ ಅಕ್ಷರವನ್ನೇ ಬರೆಯುತ್ತಿದ್ದಿರಿ.

ನೀಲಿಪೆಟ್ಟಿಗೆ:
ಕಾಲಯಂತ್ರ ಇರುವವನಿಗೆ ಹತ್ತು ನಿಮಿಷದಲ್ಲಿ ಏನೆಲ್ಲ ಆಗುತ್ತದೆ.

ಹೊಸಪ್ರಾಸ:
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಬ್ಯಾಬಿಲಾನ್ 5 ಯಾರೂ ಎತ್ತಲಿಲ್ಲವೇ? ಐದು ವರ್ಷಕ್ಕೆಂದು ಮೊದಲೇ ಹೆಣೆದ ಒಂದೇ ಕತೆ. 110 ಕಂತುಗಳಲ್ಲಿ 92ನ್ನು ಅದರ ಕರ್ತೃ ಸ್ಟ್ರಾಜಿನ್ಸ್ಕಿ ಒಬ್ಬರೇ ಬರೆದರು.

ಗುರುಲಘು:
ಸ್ವಾಗತ. ಮೊದಲು ಆ ಹೆಸರನ್ನು ಕಂದದಲ್ಲಿ ಕೂರಿಸಿ ತೋರಿಸಿ, ಆಮೇಲೆ ಕತೆ ಕೇಳೋಣ.

ಮೂರನೇಮಾತ್ರೆ:
92 ಎಂದಾಗ ನೆನಪಾಯಿತು. ಟ್ವಿಲೈಟ್ ಜೋನ್‌ನ 156ರಲ್ಲಿ ರಾಡ್ ಸರ್ಲಿಂಗ್ ಬರೆದದ್ದೂ 92. 'ಸರ್ಲಿಂಗ್' ಆದರೆ ಎಲ್ಲಿ ಬೇಕಾದರೂ ಕೂರುತ್ತದೆ, ಎರಡು ಗುರು.

ಹೊಸಪ್ರಾಸ:
ರಾತ್ರಿಯೆಲ್ಲ ಕೂತೆ. 'ಸ್ಟ್ರಾ' ಹಿಂದಿನ ಅಕ್ಷರವನ್ನೂ ಹಾಳು ಮಾಡುತ್ತಿದೆ. ಬಿಟ್ಟೆ.

ಗುರುಲಘು:
ಶಕಟರೇಫರೇ, ಎಲ್ಲರದನ್ನೂ ತೂಗಿದಿರಿ. ನಿಮ್ಮದೆಲ್ಲಿ?

ಶಕಟರೇಫ:
ಪೆಟ್ಟಿಗೆ, ರಂಗ, ಹುಳು ಎಂದು ಊರೆಲ್ಲ ಹುಡುಕಿದಿರಿ. ಉತ್ತರ ನೀವು ದಿನಾ ಆಡುವ ಮಾತಿನಲ್ಲೇ ಇತ್ತು.

ಅಱುವತ್ತು ವರುಷದಿಂದಂ
ಬೆಱಗಿಂ ಬ್ರಹ್ಮಾಂಡಮೆಲ್ಲಮಂ ನೋಡಿದೆವೈ
ಕಿಱುದೆರೆಯಲ್ತೇ ಪೆಸರುಂ
ಕಿಱಿದಾಗಿರ್ಪುದಱೊಳಿರ್ಪುದೈ ಪಿರಿದೆಲ್ಲಂ

ನೀಲಿಪೆಟ್ಟಿಗೆ:
ಕಿರುತೆರೆ! ಎದುರಿಗೇ ಇತ್ತಲ್ಲ. ಕೈ ಮುಗಿದೆ.

ಮೂರನೇಮಾತ್ರೆ:
ಚೆನ್ನಾಗಿದೆ.

ಶಕಟರೇಫ:
ಯಾವ ಧಾರಾವಾಹಿ ಎಂದು ಕೇಳಬೇಡಿ. ನಾನು ಎಲ್ಲವನ್ನೂ ನೋಡುತ್ತೇನೆ, ಯಾವುದನ್ನೂ ಒಪ್ಪುವುದಿಲ್ಲ.

ಒರಟುಲಘು:
ಒಂದು ಸಣ್ಣ ಸಂದೇಹ. ಶಕಟರೇಫವನ್ನೂ ಪಕಾರವನ್ನೂ ಅಷ್ಟು ಜೋಪಾನ ಮಾಡಿದವರು ಮೊದಲ ಸಾಲಿನಲ್ಲೇ 'ವರುಷ' ಎಂದಿದ್ದಾರೆ. ಹಳಗನ್ನಡದ 'ಬರಿಸ' ಎಲ್ಲಿ ಹೋಯಿತು? ಅದೂ ಮೂರೇ ಲಘು. ಛಂದಸ್ಸಿನ ನೆಪ ನಡೆಯುವುದಿಲ್ಲ. ಎಂಟು ದಿನ ಸಮಯವಿದೆ, ನಿಧಾನವಾಗಿ ಉತ್ತರಿಸಿ.