ಆಲಿಕಲ್ಲಿನ ಏಟಿಗೆ ಗುಳಿಬಿದ್ದ ಕಾರು: ರೂಫ್ ಬದಲಾಯಿಸಬೇಕೇ?

ಪ್ರಶ್ನೆ (ಮಣಿಪಾಲ)

ಬಂಧುಗಳ ಮದುವೆಗೆಂದು ಮೂಡಿಗೆರೆಗೆ ಹೋಗಿದ್ದಾಗ, ಬಯಲಿನಲ್ಲಿ ನಿಲ್ಲಿಸಿದ್ದ ನಮ್ಮ ಕಾರಿನ ಮೇಲೆ ಆಲಿಕಲ್ಲು ಸುರಿದು ರೂಫ್ ಮತ್ತು ಬಾನೆಟ್ ತುಂಬ ಸಣ್ಣ ಗುಳಿಗಳು ಬಿದ್ದಿವೆ. ಬಣ್ಣ ಮಾತ್ರ ಎಲ್ಲಿಯೂ ಬಿರಿದಿಲ್ಲ. ಕಾರಿಗೆ ಮೂರೂವರೆ ವರ್ಷವಾಗಿದೆ. ಸಮಗ್ರ ವಿಮೆಯಿದೆ, ಜೀರೋ ಡೆಪ್ (ಸವಕಳಿ ಕಳೆಯದೆ ಹಣ ಕೊಡುವ ಹೆಚ್ಚುವರಿ ರಕ್ಷಣೆ) ಇಲ್ಲ. ರೂಫ್ ಕತ್ತರಿಸಿ ಹೊಸದನ್ನು ಕೂರಿಸಬೇಕೆಂದು ಗ್ಯಾರೇಜಿನವರು ಹೇಳಿದರೆ, ಪುಟ್ಟಿ ತುಂಬಿ ಬಣ್ಣ ಹೊಡೆದರೆ ಸಾಕೆಂದು ಹಾನಿ ಅಂದಾಜಿಸಲು ಬಂದ ವಿಮೆಯ ಸರ್ವೇಯರ್ ಹೇಳುತ್ತಾರೆ. ಬಾನೆಟ್ಟಿನ ಕೆಲವು ಗುಳಿಗಳನ್ನು ಅವರು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಯಾರ ಮಾತನ್ನು ಒಪ್ಪಲಿ?

ಉತ್ತರ (ಮಲ್ಪೆ)

ಬಣ್ಣ ಬಿರಿಯದಿದ್ದರೆ ಎರಡನ್ನೂ ಒಪ್ಪಬೇಡಿ. ಪೇಂಟ್‌ಲೆಸ್ ಡೆಂಟ್ ರಿಪೇರಿ ಎಂಬ ವಿಧಾನವನ್ನು ಮೊದಲು ವಿಚಾರಿಸಿ. ಒಳಚಾವಣಿಯ ಬಟ್ಟೆಯನ್ನು ಇಳಿಸಿ, ಉಕ್ಕಿನ ಸಣ್ಣ ಸರಳಿನಿಂದ ಗುಳಿಯನ್ನು ಹಿಂಬದಿಯಿಂದ ತುಸುತುಸುವೇ ಒತ್ತುತ್ತಾರೆ. ರೂಫಿನ ಮೇಲೆ ಬಿದ್ದ ಟ್ಯೂಬ್‌ಲೈಟಿನ ಪ್ರತಿಬಿಂಬ ಎಲ್ಲಿ ಸೊಟ್ಟಗಾಗುತ್ತದೆಯೋ ಅಲ್ಲಿ ಗುಳಿ ಇನ್ನೂ ಉಳಿದಿದೆಯೆಂದು ಅರ್ಥ, ಅದು ನೆಟ್ಟಗಾಗುವವರೆಗೂ ಒತ್ತುತ್ತಲೇ ಇರಬೇಕು. ರೂಫಿನ ಅಂಚಿನಲ್ಲಿ ಮತ್ತು ಒಳಗಿನ ಅಡ್ಡಪಟ್ಟಿಯ ಮೇಲೆ ಸರಳು ತಲುಪುವುದು ಕಷ್ಟ. ಅಂಥವನ್ನು ಹೊರಗಿನಿಂದ ಅಂಟು ಹಾಕಿ ಎಳೆಯುತ್ತಾರೆ, ಕೆಲವು ಪೂರ್ತಿ ಹೋಗುವುದೂ ಇಲ್ಲ. ಆದರೂ ನಾನು ಇದನ್ನೇ ಆರಿಸುತ್ತೇನೆ. ನಮ್ಮ ಕರಾವಳಿಯ ಉಪ್ಪುಗಾಳಿಯಲ್ಲಿ ತಗಡನ್ನು ಕಾಯುವುದು ಕಾರ್ಖಾನೆಯ ಬಣ್ಣ. ಅದನ್ನು ಉಜ್ಜಿ ತೆಗೆದು ಪುಟ್ಟಿ ಮೆತ್ತಿದಲ್ಲಿ, ಅಥವಾ ರೂಫ್ ಕತ್ತರಿಸಿ ಹೊಸ ಬೆಸುಗೆ ಹಾಕಿದಲ್ಲಿ, ಕೆಲಸ ಸ್ವಲ್ಪ ಹದಗೆಟ್ಟರೂ ಮಳೆಗಾಲದ ತೇವ ಒಳಸೇರಿ ತುಕ್ಕು ಹಿಡಿಯುತ್ತದೆ.

ಉತ್ತರ (ಕದ್ರಿ, ಮಂಗಳೂರು)

ಮೇಲಿನ ಸಲಹೆ ಹಣದ ದೃಷ್ಟಿಯಿಂದಲೂ ಸರಿಯಾಗಿದೆ. ಆಲಿಕಲ್ಲಿನ ಹಾನಿ ಸಮಗ್ರ ಪಾಲಿಸಿಯ ಸ್ವಂತ ಹಾನಿ ಭಾಗದಲ್ಲಿ ಸೇರಿರುತ್ತದೆ. ಆದರೆ ಜೀರೋ ಡೆಪ್ ಇಲ್ಲದಿದ್ದರೆ, ಮೂರರಿಂದ ನಾಲ್ಕು ವರ್ಷದೊಳಗಿನ ಕಾರಿಗೆ ಹೊಸ ಲೋಹದ ಭಾಗ ಹಾಕಿದಾಗ ಅದರ ಬೆಲೆಯಲ್ಲಿ ಶೇ. 25, ಬಣ್ಣದ ಸಾಮಗ್ರಿಯಲ್ಲಿ ಶೇ. 50 ಸವಕಳಿಯೆಂದು ಕಳೆಯುತ್ತಾರೆ. ಗುಳಿ ಎತ್ತುವ ಕೂಲಿಗೆ ಸವಕಳಿ ಇಲ್ಲ. ನೀವೇ ಭರಿಸಬೇಕಾದ ಕಡ್ಡಾಯ ಕಡಿತವೊಂದು ಹೇಗೂ ಇದೆ: ಎಂಜಿನ್ 1500 ಸಿಸಿವರೆಗೆ ಇದ್ದರೆ 1000 ರೂಪಾಯಿ, ಅದಕ್ಕಿಂತ ಹೆಚ್ಚಿದ್ದರೆ 2000. ಕ್ಲೈಮ್ ಮಾಡಿದರೆ ನೋ ಕ್ಲೈಮ್ ಬೋನಸ್ (ಕ್ಲೈಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಹೋಗುತ್ತದೆ, ಅದನ್ನೂ ತೂಗಿ ನೋಡಿ.

ಬಿಟ್ಟುಹೋದ ಗುಳಿಗಳಿಗಾಗಿ ಮರುಪರಿಶೀಲನೆ ಕೇಳುವುದು ನಿಮ್ಮ ಹಕ್ಕು. ನಡುಮಧ್ಯಾಹ್ನದ ಬಿಸಿಲಿನಲ್ಲಿ ಇವು ಕಣ್ಣಿಗೆ ಬೀಳುವುದಿಲ್ಲ. ಕಾರನ್ನು ತೊಳೆದು, ಬೆಳಗಿನ ಓರೆ ಬಿಸಿಲಿನಲ್ಲಿ ಪ್ರತಿಯೊಂದಕ್ಕೂ ಗುರುತಿನ ಚೀಟಿ ಅಂಟಿಸಿ ಫೋಟೋ ತೆಗೆದು, ಕ್ಲೈಮ್ ಸಂಖ್ಯೆಯೊಂದಿಗೆ ಇಮೇಲ್ ಮಾಡಿ. ಒಳಚಾವಣಿ ಬಿಚ್ಚುವ ಕೂಲಿಯೂ ಎಸ್ಟಿಮೇಟಿನಲ್ಲಿರಲಿ. ಸರ್ವೇಯರ್ ಒಪ್ಪುವ ಮೊದಲು ಗ್ಯಾರೇಜಿನವರು ಏನನ್ನೂ ಬಿಚ್ಚಬಾರದು. ಕಂಪನಿಯ ದೂರು ವಿಭಾಗದಿಂದ ನ್ಯಾಯ ಸಿಗದಿದ್ದರೆ ವಿಮಾ ದೂರುಗಳನ್ನು ಇತ್ಯರ್ಥಪಡಿಸುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ದೂರು ಕೊಡಬಹುದು, ಅದಕ್ಕೆ ಶುಲ್ಕವಿಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಕೆಲಸ ಮುಗಿಯುವ ಮೊದಲೇ ತೃಪ್ತಿಪತ್ರಕ್ಕೆ ಸಹಿ ಹಾಕಿರೆಂದು ಗ್ಯಾರೇಜಿನವರು ಕೇಳುತ್ತಿದ್ದಾರೆ, ಹಾಕಬಹುದೇ?

ಉತ್ತರ (ಕದ್ರಿ, ಮಂಗಳೂರು)

ಖಂಡಿತ ಬೇಡ. ಆ ಸಹಿಯ ಆಧಾರದ ಮೇಲೆ ಕಂಪನಿ ಗ್ಯಾರೇಜಿಗೆ ಹಣ ಪಾವತಿಸುತ್ತದೆ. ಆಮೇಲೆ ಉಳಿದ ಗುಳಿಗಳನ್ನು ಸರಿಪಡಿಸಿಕೊಡಲು ಅವರಿಗೆ ಯಾವ ಅವಸರವೂ ಇರುವುದಿಲ್ಲ. ಕಾರನ್ನು ಬೆಳಿಗ್ಗೆಯೇ ಪಡೆಯಲು ಹೋಗಿ, ಅದೇ ಓರೆ ಬೆಳಕಿನಲ್ಲಿ ನಿಮ್ಮ ಫೋಟೋಗಳೊಂದಿಗೆ ತಾಳೆ ನೋಡಿದ ಮೇಲೆಯೇ ಸಹಿ ಹಾಕಿ.