ಮಗನ ಮಲಬದ್ಧತೆಗೆ ಕೊಟ್ಟ ಪುಡಿ ನಿಲ್ಲಿಸಬಹುದಾ?

ಬದಿಯಡ್ಕದ ಅಮ್ಮ:
ಮಗನಿಗೆ ನಾಲ್ಕೂವರೆ ವರ್ಷ, 16 ಕಿಲೋ. ವಾರಕ್ಕೆ ಎರಡೇ ಸಲ ಕಕ್ಕ ಮಾಡುತ್ತಿದ್ದ. ಬರುವ ಹಾಗಾದರೆ ಬಾಗಿಲ ಹಿಂದೆ ಹೋಗಿ ಕಾಲು ಕತ್ತರಿ ಹಾಕಿ ನಿಲ್ಲುತ್ತಿದ್ದ, ಮುಖ ಕೆಂಪು. ತಿಣುಕುತ್ತಿದ್ದಾನೆ ಅಂದುಕೊಂಡಿದ್ದೆ. ತಡೆದು ಹಿಡಿಯುತ್ತಿದ್ದನಂತೆ! ಆಮೇಲೆ ಚಡ್ಡಿಗೆ ನೀರುನೀರಾಗಿ ಅಂಟತೊಡಗಿತು. ಬೇಧಿ ಅಂತ ಗಂಜಿ ಕೊಟ್ಟೆ, ದಿನಕ್ಕೆ ಮೂರು ಚಡ್ಡಿ ತೊಳೆದು ಸಾಕಾಗಿ ಬೈದೂ ಬಿಟ್ಟೆ.

ಮಂಗಳೂರಿನ ಡಾಕ್ಟರು ಹೊಟ್ಟೆ ಒತ್ತಿ ನೋಡಿ ಪಾಲಿಇಥಿಲೀನ್ ಗ್ಲೈಕಾಲ್ ಪುಡಿ ಕೊಟ್ಟರು. ಮೊದಲು ಐದು ದಿನ ಜಾಸ್ತಿ, ಆಮೇಲೆ ಕಮ್ಮಿ. ಈಗ ಮೂರು ವಾರ ಆಯಿತು, ದಿನಾ ಮೆತ್ತಗೆ ಹೋಗುತ್ತಾನೆ. ಅತ್ತೆ ಹೇಳುವುದು, "ದಿನಾ ಜುಲಾಬಿನ ಮದ್ದು ಕೊಟ್ಟರೆ ಕರುಳು ಸೋಮಾರಿಯಾಗುತ್ತದೆ, ಔಡಲೆಣ್ಣೆ ಒಂದು ಚಮಚ ಕೊಟ್ಟು ಮುಗಿಸು." ನಿಲ್ಲಿಸಲಾ?

ಕುಂಬಳೆ ಅಕ್ಕ:
ಬೇಡ ಮಾರಾಯ್ತಿ! ನಾನು ಇಪ್ಪತ್ತನೇ ದಿನಕ್ಕೆ ನಿಲ್ಲಿಸಿದವಳು. ಮಗಳಿಗೆ ಹತ್ತೇ ದಿನದಲ್ಲಿ ಮತ್ತೆ ಕಲ್ಲಿನ ಹಾಗೆ ಆಗಿ, ಒಮ್ಮೆ ನೋವಾದದ್ದೇ ಪಾಯಿಖಾನೆ ಕಂಡರೆ ಅಳು. ಎರಡನೇ ಸಲ ಎಂಟು ತಿಂಗಳು ಹಿಡಿಯಿತು. ಪುಡಿ ಉಪ್ಪುಪ್ಪು ಅಂತ ಉಗಿಯುತ್ತಿದ್ದಳು, ಪುನರ್ಪುಳಿ ಶರಬತ್ತಿನಲ್ಲಿ ಕಲಸಿದರೆ ಗೊತ್ತೇ ಆಗಲಿಲ್ಲ.

ಉಪ್ಪಳ, ನಿವೃತ್ತ ನರ್ಸ್:
ಅತ್ತೆಯವರ ಹೆದರಿಕೆ ಸುಮ್ನೆ ಅಲ್ಲ, ಹಳೆಯ ಕಾಲದಲ್ಲಿ ಜುಲಾಬು ಅಂದರೆ ಹೊಟ್ಟೆ ಹಿಂಡುವುದೇ. ಈ ಪುಡಿ ಹಾಗಲ್ಲ. ಮೈಗೆ ಹೆಚ್ಚುಕಮ್ಮಿ ಸೇರುವುದೇ ಇಲ್ಲ, ಕರುಳಲ್ಲಿ ನೀರು ಹಿಡಿದಿಟ್ಟು ಮಲ ಮೆತ್ತಗೆ ಮಾಡುತ್ತದೆ, ಅಷ್ಟೇ. ಚಟ ಆಗುವುದಿಲ್ಲ.

ತಿಂಗಳುಗಟ್ಟಲೆ ಗಟ್ಟಿ ಮಲ ತುಂಬಿಕೊಂಡು ಗುದನಾಳ ಹಿಗ್ಗಿರುತ್ತದೆ. ಆಗ ಒತ್ತಡವೇ ತಿಳಿಯುವುದಿಲ್ಲ. ಗಟ್ಟಿಯ ಸುತ್ತ ತೆಳ್ಳಗಿನದು ಸೋರುತ್ತದೆ. ಚಡ್ಡಿ ಹಾಳಾದದ್ದು ಅದರಿಂದ, ಹುಡುಗನ ತುಂಟತನದಿಂದಲ್ಲ. ಹಿಗ್ಗಿದ್ದು ಕುಗ್ಗಲು ಸಮಯ ಬೇಕು. ಕಮ್ಮಿ ಎಂದರೂ 2 ತಿಂಗಳು ಕೊಡುತ್ತಾರೆ, ಪೂರ್ತಿ ಸರಿಯಾಗಿ 1 ತಿಂಗಳು ಕಳೆದ ಮೇಲೆ ನಿಧಾನವಾಗಿ ಇಳಿಸುತ್ತಾರೆ. ತುಂಬಿದ್ದನ್ನು ಇಳಿಸುವಾಗ ಕಿಲೋಗೆ ದಿನಕ್ಕೆ 1ರಿಂದ 1.5 ಗ್ರಾಂ, ಆಮೇಲೆ ಸಾಮಾನ್ಯವಾಗಿ 0.4 ಗ್ರಾಂನಿಂದ ಶುರು. 16 ಕಿಲೋಗೆ ಆರೂವರೆ ಗ್ರಾಂ ಹತ್ತಿರ ಆಯಿತು. ನಿಮ್ಮ ಡಾಕ್ಟರು ಹೇಳಿದ್ದೇ ಲೆಕ್ಕ, ಇದು ಅಂದಾಜಿಗೆ.

ಹುಟ್ಟಿದಾಗ ಮೊದಲ ಮಲ ಎರಡು ದಿನ ದಾಟಿ ಹೋಗಿದ್ದರೆ, ಹಸಿರು ವಾಂತಿ, ಹೊಟ್ಟೆ ಉಬ್ಬರ, ತೂಕ ಏರದಿರುವುದು ಇದ್ದರೆ ಬೇಗ ತೋರಿಸಿ. ಗುದದೊಳಗೆ ವೀಳ್ಯದೆಲೆ ತೊಟ್ಟು, ಸಾಬೂನು ತುಂಡು ಹಾಕುವುದೆಲ್ಲ ಬೇಡ. ಹೆದರಿದ ಮಗು ಇನ್ನಷ್ಟು ಬಿಗಿ ಹಿಡಿಯುತ್ತದೆ.

ಪೆರ್ಲದ ಅಪ್ಪ:
ನಮ್ಮಲ್ಲಿ ಕಮೋಡಿನಲ್ಲಿ ಕಾಲು ನೇತಾಡುತ್ತಿತ್ತು. ಕಾಲಡಿಗೆ ಅಡಿಗೆಮನೆಯ ಮಣೆ ಇಟ್ಟೆ, ತಿಂಡಿ ಆದ ಕೂಡಲೇ ಐದು ನಿಮಿಷ ಕೂರಿಸಿದೆ. ಬಂದರೂ ಸರಿ, ಬಾರದಿದ್ದರೂ ಸರಿ, ಬೈಗುಳ ಇಲ್ಲ. ದಿನಕ್ಕೆ ನಾಲ್ಕು ಲೋಟ ಹಾಲು ಕುಡಿಯುತ್ತಿದ್ದ, ಅದನ್ನೂ ಎರಡಕ್ಕೆ ಇಳಿಸಿದೆವು.

ಬದಿಯಡ್ಕದ ಅಮ್ಮ:
ಮೊದಲ ಮಲ, ವಾಂತಿ, ತೂಕ ಯಾವುದೂ ತೊಂದರೆ ಇಲ್ಲ. ಪುಡಿ ಮುಂದುವರಿಸುತ್ತೇನೆ, ಮಣೆ ಇವತ್ತೇ ಇಟ್ಟೆ. ಅತ್ತೆಗೆ ಎಲ್ಲ ಓದಿ ಹೇಳಿದೆ. "ಆಗಲಿ, ಆ ಔಡಲೆಣ್ಣೆ ಬಾಟಲಿ ಮಾತ್ರ ಬಿಸಾಡಬೇಡ, ನನ್ನ ಮೊಣಕಾಲಿಗೆ ಬೇಕು" ಅಂದರು.